ತುಂಬಾ

ಆರ್ಕೆಸ್ಟ್ರಾದವರು ಮೂರನ್ನೂ ತುಂಬಾ ಅಂತಲೇ ಕರೆಯುತ್ತಾರೆ.
ಇನ್ನಾಸಪ್ಪ ಮೇಷ್ಟ್ರು ಹಾಗಲ್ಲ:
ಈ ದಪ್ಪದ್ದು ತುಂಬಾ, ನಡುವಿನದು ಕೊಂಗಾ,
ಸಣ್ಣದು ಕ್ವಿಂಟೊ. ಮಾತಾಡೋದು ಸಣ್ಣದೇ,
ದೊಡ್ಡವರು ಹೂಂ ಅನ್ನುತ್ತಿರಬೇಕು, ಅಷ್ಟೆ.

ದುರ್ಗಿಗುಡಿಯ ಟೈರು ಅಂಗಡಿಯ ಮೇಲಿನ ಕೋಣೆ.
ತೇವಕ್ಕೆ ಚರ್ಮ ಸಡಿಲಾಗದಂತೆ
ಒಂದೊಂದರ ಹೊಟ್ಟೆಯೊಳಗೂ ನೂರು ಕ್ಯಾಂಡಲಿನ ಬಲ್ಬು.
ನಾನು ಹಗಲೆಲ್ಲ ಬಸ್‌ಸ್ಟ್ಯಾಂಡಿನ ಮೈಕಿನ ಮುಂದೆ:
ಪ್ರಯಾಣಿಕರ ಗಮನಕ್ಕೆ,
ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗೆ ಹೋಗುವ ವಾಹನ
ಅಂಕಣ ಐದರಲ್ಲಿ.
ಹದಿನಾಲ್ಕು ವರ್ಷ. ಒಂದು ಪದವೂ ನನ್ನದಲ್ಲ.

ಎರಡು ವರ್ಷ ಒಂದೇ ನಡೆ ಕೊಟ್ಟರು.
ಅಂಗೈಬುಡ, ಬೆರಳತುದಿ, ಪೆಟ್ಟು, ಬೆರಳತುದಿ,
ಬುಡ, ತುದಿ, ದುಂ ದುಂ.
ಎದುರು ಕೂತು ಬೀಟೆಯ ಎರಡು ಕೋಲಿನಲ್ಲಿ
ಕ್ಲಾವೆ ಹೊಡೆಯುತ್ತಾರೆ: ಮೂರು. ಆಮೇಲೆ ಎರಡು.
ಎರಡರ ಮನೆ ಶುರುವಾಗೋದೇ ಖಾಲಿಯಿಂದ.
ಅಲ್ಲಿ ಕಾಲಿಡಬೇಡ,
ಯಾರೋ ಮಲಗಿದ್ದಾರೆ ಅಂದ್ಕೋ.

ಅವರು ಕಲಿತದ್ದು ಹವಾನಾದ ಒಂದು ಕ್ಯಾಸೆಟ್ಟಿನಿಂದ.
ಕಾಗದದ ಕಾರ್ಖಾನೆಯ ರಾತ್ರಿ ಪಾಳಿಯಲ್ಲಿ
ಯಾರೋ ಅರ್ಧ ಅಳಿಸಿ ಭಜನೆ ತುಂಬಿದ್ದರಂತೆ.
ಕ್ವಿಂಟೊ ಏರಿ ಏರಿ, ಇನ್ನೇನು ಹೇಳಬೇಕು,
ಆಗ ತಾಳ, ಹಾರ್ಮೋನಿಯಂ.
ಹಾಗಾಗಿ ಸೋಲೊ ಹೇಗೆ ಮುಗಿಸಬೇಕೆಂದು
ಮೇಷ್ಟ್ರಿಗೂ ಗೊತ್ತಿಲ್ಲ.

ಒಂದು ಸಂಜೆ ಇದ್ದಕ್ಕಿದ್ದಂತೆ: ಈಗ ನೀನು ಮಾತಾಡು.
ಬಾಯಿ ಒಣಗಿತು, ಕೈ ಒಣಗಿತು.
ಬಂದದ್ದನ್ನೆಲ್ಲ ಸುರಿದೆ, ಸಂತೆಯಲ್ಲಿ ಮೂಟೆ ಹರಿದಂತೆ.
ಕೋಲು ನಿಂತವು.
ತುಂಬಾ ಅಂತ ಹೆಸರಿದೆ ಅಂತ
ತುಂಬೋಕೆ ಹೋಗಬೇಡ ಮಾರಾಯ್ತಿ.
ಸೋಲೊ ಅನ್ನೋದರಲ್ಲೇ ಸೋಲು ಇದೆ ಅಂದುಕೊಂಡು
ಚಪ್ಪಲಿ ಮೆಟ್ಟಿ ಇಳಿದೆ.

ಮರುದಿನ ಹನ್ನೊಂದೂಕಾಲಿಗೆ ರಿಪ್ಪನ್‌ಪೇಟೆ ಬಸ್ಸು.
ಮೈಕಿನ ಎದುರು ಬಾಯಿ ತಡೆಯಿತು,
ಮೇಜಿನ ಮೇಲೆ ಬೆರಳು ಹೇಳಿತು:
ಪೆಟ್ಟು, ಪೆಟ್ಟು, ಉದ್ದ ದುಂ, ಗಿಡ್ಡ ದುಂ.
ಹೊಸನಗರ ಐದೂ ಲಘು, ಗುಬ್ಬಿ ಓಡಿದ ಹಾಗೆ.
ತೀರ್ಥಹಳ್ಳಿ ಭಾರ, ಘಾಟಿ ಹತ್ತುವ ಗೇರು.
ಕೊಪ್ಪ: ಒಂದು ಏಟು, ಅದರ ನೆರಳು.
ಮಾತು ನಿಗಮದ್ದು, ಒಪ್ಪಿದೆ.
ಅದರ ಹೆಜ್ಜೆ ಯಾರ ಖಾತೆಗೂ ಬರೆದಿಲ್ಲವಲ್ಲ.

ಮೇಷ್ಟ್ರಿಗೆ ಹೇಳಲಿಲ್ಲ.
ಒಂದು ರಿಪ್ಪನ್‌ಪೇಟೆ ಇಟ್ಟೆ. ಕಾದೆ.
ಕ್ಲಾವೆ ತನ್ನ ಪಾಡಿಗೆ ಹೋಯಿತು, ಬಂತು.
ಮತ್ತೆ ಅದನ್ನೇ, ಬಾಲ ಮಾತ್ರ ತಿರುಚಿ.
ಆಮೇಲೆ ಹೊಸನಗರ, ಯಾರೋ ಕೇಳಿದ್ದಕ್ಕೆ ಉತ್ತರವೆಂಬಂತೆ.
ಆನಂದಪುರ ಬರಬೇಕಿತ್ತು, ಬರಲಿಲ್ಲ.
ಬಾರದ ಬಸ್ಸಿನ ಜಾಗ ಹಾಗೇ ಬಿಟ್ಟೆ.
ಮೇಷ್ಟ್ರ ಒಂದು ಹುಬ್ಬು ಏರಿತು.
ಕೋಲು ನಿಲ್ಲಲಿಲ್ಲ.

ಫೆಬ್ರವರಿಯಲ್ಲಿ ಭದ್ರಾವತಿಯ ನ್ಯೂಟೌನಿನಲ್ಲಿ
ಯಾರದೋ ಆರತಕ್ಷತೆ.
ಎಂಟು ಆವರ್ತ ನನಗೆಂದು ಮಾತಾಗಿತ್ತು.
ಮೊದಲನೆಯದರಲ್ಲಿ ಏನೂ ಬಾರಿಸಲಿಲ್ಲ.
ಎರಡನೆಯದಕ್ಕೆ ಒಂದೇ ಒಂದು ಕೊಪ್ಪ.
ಐಸ್‌ಕ್ರೀಂ ನೆಕ್ಕುತ್ತಿದ್ದ ಹುಡುಗ ತಲೆಯೆತ್ತಿದ.
ಮೂರು, ನಾಲ್ಕು,
ಐದರಲ್ಲಿ ಊರುಗಳು ಹೆಸರು ಬಿಟ್ಟು ಓಡಿದವು,
ಕೈ ಮುಂದೆ, ನಾನು ಹಿಂದೆ,
ತಿರುವಿನಾಚೆ ಏನೋ ಹೊಳೆದು ಇನ್ನೇನು

ಕೀಬೋರ್ಡಿನ ಮಧುಕೇಶ ಲೆಕ್ಕ ತಪ್ಪಿ ಹಾಡಿಗೆ ಮರಳಿದ.
ನಾನೂ ಮರಳಿದೆ. ಬುಡ, ತುದಿ, ದುಂ ದುಂ.

ರಾತ್ರಿ ವ್ಯಾನಿನಲ್ಲಿ ಮೇಷ್ಟ್ರು ಕ್ವಿಂಟೊವನ್ನು
ತೊಡೆಯ ಮೇಲೆ ಕೂರಿಸಿಕೊಂಡು ಸುಮ್ಮನಿದ್ದರು.
ತುಂಗೆಯ ಸೇತುವೆಯ ಮೇಲೆ ಕೇಳಿದರು:
ಐದನೆಯದರಲ್ಲಿ ಬಂತಲ್ಲ, ಅದು ಯಾವ ಊರು?

ಗೊತ್ತಿಲ್ಲ ಮೇಷ್ಟ್ರೆ, ಅಂದೆ.
ಬೋರ್ಡಿರಲಿಲ್ಲ.