ಕಣ್ಣಿ

ವೀಸಾದಲ್ಲಿ ಬರೆದಿರುವುದು ತೋಟದ ಕೂಲಿ.
ಮಾಡುವುದು, ಹಗ್ಗಕ್ಕೆ ಕಣ್ಣು ಹೊಲಿಯುವ ಕೆಲಸ.

ಗಂಗೊಳ್ಳಿಯಲ್ಲಿ ಬಲೆ ಕಟ್ಟುತ್ತಿದ್ದ ಕೈ ಇದು.
ಅಲ್ಲಿ ಒಂದು ಕಣ್ಣು ಹರಿದರೆ
ಹೋಗುವುದು ಒಂದು ಬಂಗುಡೆ.
ಇಲ್ಲಿ ಒಂದೊಂದು ಕಣ್ಣಿಗೂ ಒಬ್ಬೊಬ್ಬ ಮನುಷ್ಯ,
ಖರ್ಜೂರದ ನೆತ್ತಿಯಲ್ಲಿ, ಮುಳ್ಳುಗಳ ನಡುವೆ,
ಸೊಂಟದಲ್ಲಿ ಕತ್ತಿ, ಮುಷ್ಟಿಯಲ್ಲಿ ಗಂಡುಹೂವಿನ ಪುಡಿ.

ಊರಿನ ಹೆಸರು ಅಲ್ ಐನ್.
ಬಂದ ವರ್ಷವೇ ಕೇಳಿದ್ದೆ, ಐನ್ ಅಂದರೇನು?
ಕಣ್ಣು, ಅಂದ ಮೇಸ್ತ್ರಿ ರಮ್ಜಿ.
ಸ್ವಲ್ಪ ಹೊತ್ತು ಬಿಟ್ಟು, ಒರತೆ ಅಂದ.
ನನಗೆ ಸೋಜಿಗ ಅನ್ನಿಸಲಿಲ್ಲ. ಬಾವಿ ತೋಡುವಾಗ
ನಮ್ಮವರೂ ಕೂಗುವುದು ಹಾಗೆಯೇ:
ನೀರಿನ ಕಣ್ಣು ಸಿಕ್ಕಿತು!

ಹೊಸ ಹಗ್ಗವಾದರೆ ಸುಲಭ.
ಹೊರಗಿನ ನೇಯ್ಗೆ ಸಡಿಲಿಸಿ
ತಿರುಳನ್ನು ಮೆಲ್ಲಗೆ ಈಚೆ ಎಳೆಯಬೇಕು,
ಏಡಿಯ ಕಾಲಿಂದ ಮಾಂಸ ಎಳೆದ ಹಾಗೆ, ತುಂಡಾಗದಂತೆ.
ಇದರ ಬಾಲ ಅದರ ಹೊಟ್ಟೆಗೆ,
ಅದರ ಬಾಲ ಇದರ ಹೊಟ್ಟೆಗೆ.
ಬಾಲದ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ
ಇಲಿಬಾಲದಷ್ಟು ಸಣ್ಣಗಾಗಿಸಬೇಕು.
ದಪ್ಪ ಥಟ್ಟನೆ ನಿಂತರೆ ಹಗ್ಗ ಸೋಲುವುದು ಅಲ್ಲೇ.
ಆಮೇಲೆ ನೀವುವುದು, ಹಾಲು ಕರೆದಂತೆ,
ನೇಯ್ಗೆ ತಿರುಳನ್ನು ಪೂರಾ ನುಂಗುವವರೆಗೆ.

ದುಡಿದ ಹಗ್ಗ ಬೇರೆ ಜಾತಿ.
ಬೆವರು, ಮರಳು, ಅಂಟು ಕುಡಿದು ಬಿಗಿದಿರುತ್ತದೆ,
ಯಾರನ್ನೂ ಒಳಗೆ ಬಿಡುವುದಿಲ್ಲ.
ಮಡಚಿ, ಜೋಡಿಸಿ, ಹೊಲಿದೇ ತೀರಬೇಕು:
ದಬ್ಬಣ, ಅಂಗೈಗೆ ಚರ್ಮದ ಪಟ್ಟಿ, ಜೇನುಮೇಣ ಸವರಿದ ದಾರ,
ಎರಡು ಮಗ್ಗುಲ ತಿರುಳನ್ನೂ ಹಾದು ನಲವತ್ತೆರಡು ಹೊಲಿಗೆ,
ಕುತ್ತಿಗೆಗೆ ಬಿಗಿಸುತ್ತು.
ಎಣಿಕೆ ತಪ್ಪಿದರೆ ಬಿಚ್ಚಿ ಮೊದಲಿನಿಂದ.

ಈ ಜನವರಿಯಲ್ಲಿ, ಹೊಂಬಾಳೆ ಒಡೆಯುವ ಮುಂಚೆ,
ದಾದ್ ಕರೀಮನ ಹಗ್ಗ ತಪಾಸಣೆಗೆ ಬಂತು.
ಹೋದ ವರ್ಷ ನಾನೇ ಹೊಲಿದ ಕಣ್ಣು.
ಬಿಚ್ಚಿ ನೋಡಿದೆ.
ನಲವತ್ತೆರಡರಲ್ಲಿ ಹತ್ತೊಂಬತ್ತು
ತಿರುಳನ್ನು ಮುಟ್ಟಿಯೇ ಇರಲಿಲ್ಲ.
ಬರೀ ಮೇಲ್ಚರ್ಮ ಹಿಡಿದು ನಿಂತಿದ್ದವು,
ಸಾಲಾಗಿ, ಚೆಂದವಾಗಿ,
ಯಾರು ನೋಡಿದರೂ ಶಹಬ್ಬಾಸ್ ಅನ್ನುವ ಹಾಗೆ.

ಹೋದ ವರ್ಷವೇ ನನಗೆ ಸೂಜಿಯ ಕಣ್ಣು ಎರಡಾಗಿ ಕಾಣುತ್ತಿತ್ತು.
ಯಾರಿಗೂ ಹೇಳಿರಲಿಲ್ಲ.
ದಾರ ಪೋಣಿಸಿಕೊಡಲು ನೇಪಾಳಿ ಹುಡುಗನಿಗೆ
ದಿನಾ ಒಂದು ಚಾ ಕುಡಿಸುತ್ತಿದ್ದೆ.
ಆ ಕಣ್ಣನ್ನು ನಂಬಿ ದಾದ್ ಕರೀಂ
ಒಂದು ಹೂವಿನ ಕಾಲ, ಒಂದು ಕೊಯ್ಲು,
ಮುನ್ನೂರು ಮರವಾದರೂ ಹತ್ತಿಳಿದಿದ್ದಾನೆ.
ಅಷ್ಟು ಎತ್ತರದಲ್ಲಿ ಬೀಡಿ ಹಚ್ಚುತ್ತಿದ್ದ, ಬೆನ್ನು ಒರಗಿಸಿ.

ಮೂರು ದಿನ ಸುಮ್ಮನಿದ್ದೆ.
ಫಲಜಿನ ನೀರು ಸರದಿಯಂತೆ ಬಂದು ಹೋಯಿತು.
ನಾಲ್ಕನೆಯ ಸಂಜೆ ಅವನ ರೂಮಿಗೆ ಹೋಗಿ
ಹರಕು ಹಿಂದಿಯಲ್ಲಿ ಹೇಳಿದೆ, ಕಣ್ಣನ್ನು ಅಂಗೈಯಲ್ಲಿಟ್ಟು ತೋರಿಸಿದೆ.
ತಿರುಗಿಸಿ ಮುರುಗಿಸಿ ನೋಡಿದ.
ನನ್ನ ಮುಖ ನೋಡಿದ.
ಒಂದು ಮಾತಾಡಲಿಲ್ಲ. ಎದ್ದು ಹೊರಗೆ ಹೋದ.
ಬಯ್ದಿದ್ದರೆ ಎದ್ದು ಬರಬಹುದಿತ್ತು.
ತಿರುಗಿ ಬಂದವನು ರೊಟ್ಟಿ ಮುರಿದು ಅರ್ಧ ನನ್ನ ಕಡೆ ತಳ್ಳಿದ.

ಮರುದಿನ ನೋಡುತ್ತೇನೆ,
ಆ ತುಂಡು ಅವನ ಆಡಿನ ಕೊರಳಲ್ಲಿದೆ.
ನಮ್ಮಲ್ಲಿ ಅದಕ್ಕೆ ಕಣ್ಣಿ ಅನ್ನುತ್ತಾರೆ
ಎಂದು ಹೇಳಹೊರಟು ಬಿಟ್ಟೆ.
ಆಡು ಜಗ್ಗಿತು. ಹತ್ತೊಂಬತ್ತೂ ಗಟ್ಟಿಯಾಗಿಯೇ ನಿಂತವು.

ಕಾಸರಗೋಡಿನವನ ಅಂಗಡಿಯಲ್ಲಿ
ಮೂವತ್ತೈದು ದಿರ್ಹಮಿನ ಕನ್ನಡಕ ತಂದಿದ್ದೇನೆ.
ಈಗ ಸೂಜಿಗೆ ಒಂದೇ ಕಣ್ಣು.
ಆದರೂ ಹೊಲಿದು ಮುಗಿದದ್ದನ್ನು ಶೆಡ್ಡಿನ ತೊಲೆಗೆ ಸಿಕ್ಕಿಸಿ
ಮೊದಲು ನಾನೇ ತೂಗುತ್ತೇನೆ,
ಎಪ್ಪತ್ತೊಂದು ಕಿಲೋ, ಹಗಲೂಟದ ಮೀನುಸಾರು ಸೇರಿ.
ನೆಲದಿಂದ ಒಂದು ಗೇಣು ಮೇಲೆ ಕಾಲು.
ಏನಯ್ಯಾ ಮಗುವಿನ ಆಟ, ಎಂದು ರಮ್ಜಿ ಕೂಗುತ್ತಾನೆ.
ನೂರು ಎಣಿಸಿ ಇಳಿಯುತ್ತೇನೆ.
ಕೆಲವೊಮ್ಮೆ ನೂರಾದ ಮೇಲೂ.