ಪ್ರೈವೇಟ್ ನಂಬರ್

ರಾತ್ರಿ ಒಂದು ನಲವತ್ತು. ಎಡಕುಮೇರಿ.
ಮೈಸೂರಿನ ಕಂಟ್ರೋಲಿನಲ್ಲಿ ಕೂತ ಸುಗುಣಾವತಿ ಮೇಡಂ
ಒಂದು ಗುಂಡಿ ಒತ್ತುತ್ತಾರೆ.
ಇಲ್ಲಿ ಬೆಟ್ಟದ ಹೊಟ್ಟೆಯೊಳಗೆ
ಇಪ್ಪತ್ತೈದು ಸಾವಿರ ವೋಲ್ಟು ಸುಮ್ಮನಾಗುತ್ತದೆ.

ಸುಮ್ಮನಾಯಿತು ಎಂದು ಅವರು ಹೇಳಿದರು, ಅಷ್ಟೆ.
ಟಾರ್ಚು ಬಿಟ್ಟರೆ ಅದೇ ತಂತಿ, ಅದೇ ತಾಮ್ರ;
ಸತ್ತದ್ದಕ್ಕೂ ಬದುಕಿದ್ದಕ್ಕೂ
ಮುಖದಲ್ಲಿ ವ್ಯತ್ಯಾಸವಿಲ್ಲ.

ನನ್ನ ನಂಬರ್ ಕೊಟ್ಟೆ. ಅವರದು ಕೇಳಿಕೊಂಡೆ.
ಪುಸ್ತಕ ಟವರ್ ವ್ಯಾಗನ್ನಿನಲ್ಲಿತ್ತು,
ಅಂಗೈ ಮೇಲೆ ಬರೆದೆ.

ದುಗ್ಗೇಗೌಡ ಡಿಸ್‌ಚಾರ್ಜ್ ಕೋಲು ಹೊತ್ತು ತಂದ.
ಮೊದಲು ಹಳಿಗೆ ಕಚ್ಚಿಸು, ಆಮೇಲೆ ತಂತಿಗೆ ಕೊಕ್ಕೆ.
ಬಿಚ್ಚುವಾಗ ಮೊದಲು ತಂತಿ, ಕೊನೆಗೆ ಹಳಿ.
ಒಮ್ಮೆ ಈ ಕ್ರಮ ತಪ್ಪಿದವನು
ನಮ್ಮ ಡಿಪೋದ ಗೋಡೆಯಲ್ಲಿ ಹಾರ ಹಾಕಿಕೊಂಡಿದ್ದಾನೆ.
ಕೊಕ್ಕೆ ತಾಗಿತು. ಚಿಟ್.
ಜಗಳ ಮುಗಿದ ಮೇಲೂ ಬಾಯಲ್ಲುಳಿದ ಒಂದು ಮಾತು
ಮಣ್ಣಿಗಿಳಿಯಿತು.

ಎಲ್ಲೋ ಕಣಿವೆಯಲ್ಲಿ ಬಿದ್ದ ನೀರೇ
ಕರೆಂಟಾಗಿ ಇಲ್ಲಿಯವರೆಗೆ ಬಂದು
ಸುರಂಗದ ಚಾವಣಿಯಿಂದ ತೊಟ್ಟಿಕ್ಕುವ ನೀರಿಗೆ
ಹೆದರುತ್ತದೆ.
'ಸಂಬಂಧಿಕರೇ ಹಾಗೆ' ಎಂದ ಖಾದರ್‌ಸಾಬ್,
ಇನ್ಸುಲೇಟರಿನ ಬಟ್ಟಲುಗಳನ್ನು ಒಂದೊಂದೇ ಒರೆಸುತ್ತ.
ಬಟ್ಟೆ ಕಪ್ಪಾಯಿತು. ಇನ್ನೊಂದು ಬಟ್ಟೆ. ಅದೂ.
ಡೀಸೆಲ್ ಎಂಜಿನ್ನುಗಳು ಹೋದರೂ
ಅವುಗಳ ಕೆಮ್ಮು ಬಂಡೆಯಿಂದ ಇನ್ನೂ ಇಳಿಯುತ್ತಿದೆ.

ಮೂರು ಗಂಟೆ.
ಆರು ಜನ, ಎರಡು ಕೋಲು, ಒಂದು ಏಣಿ: ಎಣಿಸಿದೆ.
ಫೋನೆತ್ತಿ ಅಂಗೈ ನೋಡಿದರೆ
ಸುರಂಗ ಅದನ್ನು ತೊಳೆದಿತ್ತು.
ಮೂರೋ ಎಂಟೋ, ನೀಲಿ ಕೆಸರು.

'ಅಳಿಸಿ ಹೋಯ್ತು ಮೇಡಂ.'
ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ.
ಕಡಗರವಳ್ಳಿಯಲ್ಲಿ ಗೂಡ್ಸೊಂದು ಕಾಯುತ್ತಿದೆ,
ಅದರ ಡ್ರೈವರ್ ಎರಡು ಸಲ ಗೊಣಗಿ ಆಗಿದೆ.
ಅವರು ಬಯ್ಯಲಿಲ್ಲ. ನಂಬರು ಹೇಳಿಕೊಡಲೂ ಇಲ್ಲ.
'ಒಳಗೆ ಹೋದವರೆಲ್ಲ ಹೆಸರು ಹೇಳಲಿ.
ಅವರವರ ಬಾಯಲ್ಲೇ.'

ಸುರಂಗದ ಬಾಯಲ್ಲಿ ಫೋನು ಕೈಯಿಂದ ಕೈಗೆ ಹೋಯಿತು.
ದುಗ್ಗೇಗೌಡ. ಖಾದರ್‌ಸಾಬ್. ಪೀಟರ್ ಲೋಬೊ.
ಮುನಿಯಲ್ಲಪ್ಪ ಹೆಸರಿನ ಜೊತೆ ಕೆಮ್ಮಿದ.
ಹೊಸ ಹುಡುಗ ತಿಪ್ಪೇಶಿ
ಅಪ್ಪನ ಹೆಸರು, ಊರು, ಹೋಬಳಿ ಎಲ್ಲ ಸೇರಿಸಿದ;
ಯಾರೂ ನಗಲಿಲ್ಲ.
ಮುಖವೇ ಕಾಣದ ಆ ಹೆಂಗಸು
ಪ್ರತಿ ಹೆಸರಿಗೂ 'ಹ್ಞೂಂ' ಎಂದರು,
ಪೆನ್ನು ಕಾಗದಕ್ಕೆ ತಾಗುವುದು ಕೇಳುತ್ತಿತ್ತು.

'ಐದಾಯ್ತು. ನೀವು?'

ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ
ಯಾರೂ ಕೇಳದಿದ್ದ ನಂಬರಿನ ಹಾಗೆ
ನನ್ನ ಹೆಸರು ಹೇಳಿದೆ.

ಮೂರು ಇಪ್ಪತ್ತಕ್ಕೆ ಲೈನು ಚಾರ್ಜಾಯಿತು.
ಏನೂ ಕಾಣಲಿಲ್ಲ. ಅದೇ ತಂತಿ. ಹನಿ.
ತಿಪ್ಪೇಶಿ ತಲೆಯೆತ್ತಿ ನೋಡಿ ಕೇಳಿದ:
'ಕರೆಂಟು ಬಂತಾ ಸಾರ್?'

'ಅವರು ಹೇಳಿದ್ದಾರೆ' ಎಂದೆ.
ಏಣಿಯಿಂದ ಎರಡು ಹೆಜ್ಜೆ ಹಿಂದೆ ಸರಿದೆವು.