ಲೇಬಲ್ಲು ಮಾಸಿದ ಏಳು ಕ್ಯಾಸೆಟ್ಟು

ಡ್ವೇನ್ ಸಾಹೇಬ ಕೆಲಸ ಮುಗಿಸಿ ಊರಿಗೆ ಹೊರಟಾಗ
ಪಿಕಪ್ಪಿನ ಬೀಗದ ಕೈ ಸ್ಟೋರಿಗೆ ಕೊಟ್ಟ,
ಹೆಲ್ಮೆಟ್ಟು ಗೂಟಕ್ಕೆ ಸಿಕ್ಕಿಸಿದ,
ಡ್ಯಾಶ್‌ಬೋರ್ಡಿನ ಮೇಲೆ ಏಳು ಕ್ಯಾಸೆಟ್ಟು ಮರೆತ.

ಜುಬೈಲಿನ ಬಿಸಿಲು ಅಷ್ಟರಲ್ಲಿ
ಲೇಬಲ್ಲಿನ ಅಕ್ಷರ ನೆಕ್ಕಿ ಮುಗಿಸಿತ್ತು.
ಹಾಡುವವರಿಗೆ ನಾವೇ ಹೆಸರಿಟ್ಟೆವು:
ಮೂಗಿನಲ್ಲೇ ಹಾಡುವವ ಮೂಗಯ್ಯ,
ಗಿಟಾರಿನಲ್ಲಿ ಗಾಲಿ ಉರುಳಿಸುವವ ರೈಲಿನವ,
ಹಗ್ಗದ ದನಿಯವ ಒಬ್ಬ.
ಬಾಯಿ ತೆರೆಯುವ ಮೊದಲು ಕೆಮ್ಮುವವ ಕೆಮ್ಮಪ್ಪ.
ಉಳಿದ ಮೂವರು ಸಪ್ಪೆ, ಬಿಟ್ಟುಬಿಡಿ.

ಗುರುವಾರ ರಾತ್ರಿ. ಮೂರನೇ ಪೋರ್ಟಕ್ಯಾಬಿನ್ನು.
ಮಸೂರಬೇಳೆ ಕುದಿಯುತ್ತಿತ್ತು,
ರೊಡೆಲ್ ಬಕೆಟ್ಟಿನಲ್ಲಿ ಸಾಕ್ಸು ಹಿಂಡುತ್ತಿದ್ದ.
ಇವರಲ್ಲಿ ಎಲ್ಲರಿಗಿಂತ ದೊಡ್ಡ ಹಾಡುಗಾರ ಯಾರು?
ಯಾರು ಕೇಳಿದರೋ. ಬೇಳೆ ತಳ ಹಿಡಿಯಿತು.

ಇನಾಸ ಇಗರ್ಜಿಯಲ್ಲಿ ಆರ್ಗನ್ ನುಡಿಸಿದವ,
ರೈಲಿನವನೇ, ಅದರಲ್ಲಿ ಮಾತೇ ಇಲ್ಲ, ಎಂದ.
ಕೆಳಗಿನ ಸ್ವರಕ್ಕೆ ಹೇಗೆ ಇಳಿಯುತ್ತಾನೆ ಕೇಳಿ:
ಬಾವಿಗೆ ಕೊಡ ಬಿಟ್ಟ ಹಾಗೆ,
ಒಂದು ಕಡೆಯೂ ಗೋಡೆಗೆ ತಾಗಿಸುವುದಿಲ್ಲ.

ಸೆಬುವಿನ ರೊಡೆಲ್‌ಗೆ ನಮ್ಮ ಭಾಷೆ ಬಾರದು.
'ಮೂಗಯ್ಯ, ಮೂಗಯ್ಯ' ಎಂದು
ಒದ್ದೆ ಕೈಯಲ್ಲೇ ಎದೆ ಬಡಿದುಕೊಂಡ.

ಶಹಾಪುರದ ಬಂದಗಿಸಾಬ ತಡೆದ:
"ಕಂಟ್ರಿ ಅಂದ್ರ ಏನಪಾ?"
ಹಳ್ಳಿ, ಎಂದೆ.
"ನಾ ಭಟ್ಟಿ ಸೆರೆ ಅಂತ ತಿಳಕೊಂಡಿದ್ದೆ."
ಮೆಲ್ಲಗೆ ಮಾರಾಯ, ಇದು ಸೌದಿ!
ಇನಾಸ ಕಿಟಕಿ ಎಳೆದ.
"ಹಳ್ಳಿ ಹಾಡಂದ್ರ, ನಮ್ಮೂರ ಮೊಹರಮ್ಮಿಗಿ
ರಿವಾಯತ್ ಹೇಳ್ತಿದ್ದ ಹುಸೇನಪ್ಪ ಮುತ್ಯಾನ್ನೂ
ಈ ಸಾಲಿನ್ಯಾಗ ಕೂಡಸ್ರಿ.
ಬೆಳತನಕ ಹಾಡಿದ್ರೂ ನೀರು ಕೇಳ್ತಿದ್ದಿಲ್ಲ."
ಅವನದು ಕ್ಯಾಸೆಟ್ಟಿಲ್ಲವಲ್ಲ, ಎಂದೆವು.
"ಇರಲಿಕ್ಕಂದ್ರ ಏನಾತು, ನನ್ನ ಕಿವ್ಯಾಗ ಅದ."
ಅದಕ್ಕೆ ಏನು ಹೇಳುವುದು?
ಸಿಮೆಂಟು ಚೀಲದ ಕಾಗದದ ಮೇಲೆ
ಮುತ್ಯಾನ ಹೆಸರಿಗೂ ಒಂದು ಗೀಟು ಎಳೆದೆವು.

ನನ್ನ ಗೀಟು ಹಗ್ಗದವನಿಗೆ.
ನಾನು ಕ್ರೇನಿನವನು. ಭಾರ ನೆಲ ಬಿಡುವ ಹೊತ್ತು
ತಂತಿಹಗ್ಗ ಒಮ್ಮೆ ಕೀರಲುತ್ತದೆ.
ಹರಿಯುವುದಿಲ್ಲ,
ಹರಿಯಲೂಬಹುದು ಎಂದು ತಿಳಿಸುತ್ತದೆ, ಅಷ್ಟೆ.
ಅವನ ದನಿಯೂ ಹಾಗೆ.
ಹೆಂಡತಿ ಬಿಟ್ಟುಹೋದಳೋ, ನಾಯಿ ಸತ್ತಿತೋ,
ನನ್ನ ಇಂಗ್ಲಿಷಿಗೆ ನಿಲುಕಲಿಲ್ಲ.
ತೂಕ ಎಷ್ಟೆಂದು ಗೊತ್ತಾಯಿತು.

ಜಗಳ ನಿಜವಾಗಿಯೇ ಕಾವೇರಿತು.
ಬೈಯಲು ಬಂದ ಫೋರ್ಮನ್ ಜರ್ವಾಲಿ ಖಾನ್
ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕುಳಿತ.

ಉಳಿದದ್ದು ಕೆಮ್ಮಪ್ಪ. ಅವನಿಗೆ ವಕೀಲರಿಲ್ಲ.
ವಾದ್ಯವಿಲ್ಲ, ತಾಳ ಓಡಿಹೋಗುತ್ತದೆ,
ಎರಡನೇ ಸಾಲಿಗೆ ಮಾತು ಮರೆತು ಊಂ ಊಂ ಎನ್ನುತ್ತಾನೆ.
ಸೋಲಿಸಲೆಂದೇ ಹಾಕಿದೆವು.

ಹಾಡಿನ ಹಿಂದೆ ಏನೋ ಗುರುಗುಟ್ಟುತ್ತಿತ್ತು.
ಗುರುಗುಟ್ಟಿ, ಒಮ್ಮೆ ಬಿಕ್ಕಿ,
ಮತ್ತೆ ಗುರುಗುಟ್ಟುತ್ತಿತ್ತು.
ರೊಡೆಲ್ ತಲೆಯೆತ್ತಿ ಗೋಡೆಯ ಏಸಿ ನೋಡಿದ.
ಅದೂ ಬಿಕ್ಕಿತು.

ನಮ್ಮ ಮಂಚಗಳು ಬರುವ ಮೊದಲು
ಈ ಕ್ಯಾಬಿನ್ನು ಸಾಹೇಬನ ಆಫೀಸು.
ಹೆಲ್ಮೆಟ್ಟು ಹಾಕು, ಹುಕ್ಕು ನೋಡು, ಹಿಂದೆ ಸರಿ ಎಂದು
ಎಂಟು ವರ್ಷ ನಮ್ಮ ಮೇಲೆ ಒದರಿದ ಬಾಯಿ
ಯಾರೂ ಇಲ್ಲದ ರಾತ್ರಿ ಇಲ್ಲಿ ಕೂತು
ಹೀಗೆ ಹಾಡಿದೆ. ಕೊನೆಗೆ, ಮೆಲ್ಲಗೆ:
ಶೆಲ್ಬಿ, ಮಲಗಮ್ಮ ಇನ್ನು.
ಗುಂಡಿ ಒತ್ತಿದ ಸದ್ದು, ಟಕ್.

ಕಳಿಸಲಿಲ್ಲವೇಕೆ?
ಪಶ್ತೋವಿನಲ್ಲಿ ಖಾನ್ ಏನೋ ಅಂದ,
ಯಾರೂ ಅರ್ಥ ಕೇಳಲಿಲ್ಲ.

ಬಹಳ ಹೊತ್ತಿನ ಮೇಲೆ ಇನಾಸ,
"ಶ್ರುತಿ ಇಲ್ಲ" ಎಂದ. "ಮೂರನೇ ಸಾಲಿಗೆ
ಅರ್ಧ ಸ್ವರ ಕೆಳಗೆ ಹೋಗುತ್ತಾನೆ.
ನಾಲ್ಕನೇ ಸ್ಥಾನ ಕೊಟ್ಟರೂ ಹೆಚ್ಚು."
ಯಾರೂ ವಾದಿಸಲಿಲ್ಲ. ತಳ ಹಿಡಿದ ಬೇಳೆ
ಕೆರೆದು ಕೆರೆದು ತಟ್ಟೆಗೆ ಹಾಕಿಕೊಂಡೆವು.

ಇನಾಸ ಮಾತ್ರ ಉಣ್ಣದೆ,
ಕ್ಯಾಸೆಟ್ಟು ಹಿಂದಕ್ಕೆ ಸುತ್ತಲು
ದಿಂಬಿನಡಿ ಪೆನ್ಸಿಲು ಹುಡುಕುತ್ತಿದ್ದ.